ಹೂಂಕಾರ (ಟೆನಿಸ್)

ಚೆಂಡು ಹೊಡೆಯುವ ಕ್ಷಣದಲ್ಲಿ ಆಟಗಾರರು ಉಸಿರನ್ನು ಬಿರುಸಾಗಿ ಹೊರಹಾಕುತ್ತ ಮಾಡುವ ಗಟ್ಟಿ ಸದ್ದು. 1970ರ ದಶಕದಲ್ಲಿ ಅಮೆರಿಕದ ಜಿಮ್ಮಿ ಕಾನರ್ಸ್ ಇದಕ್ಕೆ ಹೆಸರಾಗಿದ್ದರು. ತಕರಾರು ದೊಡ್ಡದಾದದ್ದು 1992ರ ವಿಂಬಲ್ಡನ್‌ನಲ್ಲಿ. ಮೋನಿಕಾ ಸೆಲೆಸ್ ಕೂಗಿನ ಮೇಲೆ ಮಾರ್ಟಿನಾ ನವ್ರಾಟಿಲೋವಾ ಅಂಪೈರ್‌ಗೆ ದೂರಿದರು. ಫೈನಲ್‌ನಲ್ಲಿ ಬಾಯಿ ಬಿಗಿಹಿಡಿದು ಆಡಿದ ಸೆಲೆಸ್, ಸ್ಟೆಫಿ ಗ್ರಾಫ್ ಎದುರು 6-2, 6-1ರಿಂದ ಸೋತರು. ಮರಿಯಾ ಶರಪೋವಾ ಅವರ ಕೂಗು 100 ಡೆಸಿಬೆಲ್ ದಾಟಿದ್ದುಂಟು.

ಕನ್ನಡನಾಡಿನ ಪ್ರೇಕ್ಷಕರು ಇದನ್ನು ಹತ್ತಿರದಿಂದ ಕೇಳಿದ್ದು ಬೆಂಗಳೂರು ಓಪನ್‌ನಲ್ಲಿ. 2008ರಲ್ಲಿ ಕಬ್ಬನ್ ಉದ್ಯಾನದ ಅಂಗಳದಲ್ಲಿ ಸೆರೆನಾ ವಿಲಿಯಮ್ಸ್, ಅಕ್ಕ ವೀನಸ್‌ರನ್ನು ಸೆಮಿಫೈನಲ್‌ನಲ್ಲಿ ಮೂರು ಸೆಟ್‌ಗಳಲ್ಲಿ ಮಣಿಸಿ, ಬಳಿಕ ಪ್ಯಾಟಿ ಶ್ನೈಡರ್ ವಿರುದ್ಧ ಪ್ರಶಸ್ತಿ ಗೆದ್ದರು. ಹಾಸನ, ಚನ್ನರಾಯಪಟ್ಟಣದ ಕಬಡ್ಡಿ ನೋಡಿ ಬೆಳೆದವರಿಗೆ ಈ ದೂರೇ ವಿಚಿತ್ರ ಎನಿಸಬಹುದು: ಅಲ್ಲಿ ಸದ್ದು ನಿಂತರೆ ರೈಡರ್ ಔಟ್.

ಹೂಂಕರಿಸಿದರೆ ಹೊಡೆತದ ವೇಗ ಸುಮಾರು ಶೇ. 4ರಿಂದ 5ರಷ್ಟು ಹೆಚ್ಚುತ್ತದೆಂದು 2014ರ ಅಧ್ಯಯನಗಳು ಹೇಳಿವೆ. ಎದುರಾಳಿಗೆ ಚೆಂಡು ರ‍್ಯಾಕೆಟ್‌ಗೆ ತಾಗಿದ ಸದ್ದು ಕೇಳದಂತಾಗುವುದು ಇನ್ನೊಂದು ಲಾಭ. ನ್ಯಾಯದ ಪ್ರಶ್ನೆ ಏಳುವುದು ಇಲ್ಲೇ. ಹೂಂಕಾರಕ್ಕೆ ನೇರ ನಿಷೇಧವಿಲ್ಲ. ಆದರೆ ಉದ್ದೇಶಪೂರ್ವಕ ಅಡಚಣೆ ಎನಿಸಿದರೆ ಅಂಪೈರ್ ಪಾಯಿಂಟ್ ಕಸಿಯಬಹುದು. 2011ರ ಯುಎಸ್ ಓಪನ್ ಫೈನಲ್‌ನಲ್ಲಿ, ಸಮಂತಾ ಸ್ಟೋಸರ್ ಚೆಂಡು ಮುಟ್ಟುವ ಮೊದಲೇ ‘ಕಮಾನ್’ ಎಂದು ಕೂಗಿದ ಸೆರೆನಾ ಹಾಗೆ ಪಾಯಿಂಟ್ ಕಳೆದುಕೊಂಡರು.