ಗ್ಯಾಸ್ ಅಂದುಕೊಂಡ ನೋವು

ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ, ಕುಡುಕರ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಕುವೈತ್‌ನಲ್ಲಿ 1960ರ ದಶಕದಿಂದಲೇ ಮದ್ಯನಿಷೇಧವಿದೆ. ಆದರೂ ಅಲ್ಲಿನ ಆಸ್ಪತ್ರೆಗಳಿಗೆ ಈ ಕಾಯಿಲೆ ಹೊಸದಲ್ಲ. ಅಲ್ಲಿ ಮೊದಲು ಅನುಮಾನಿಸಬೇಕಾದ್ದು ಪಿತ್ತಕೋಶದ ಕಲ್ಲನ್ನು. 2014ರ ಸಮೀಕ್ಷೆಯ ಪ್ರಕಾರ ಕುವೈತಿ ವಯಸ್ಕರಲ್ಲಿ ನೂರಕ್ಕೆ ಸುಮಾರು 40 ಮಂದಿ ಸ್ಥೂಲಕಾಯರು. ಬೊಜ್ಜಿನ ಜೊತೆ ಕಲ್ಲು ಬರುತ್ತದೆ. ಬೊಜ್ಜಿಳಿಸುವ ಶಸ್ತ್ರಚಿಕಿತ್ಸೆಯಾಗಿ ತೂಕ ಸರ್ರನೆ ಇಳಿದಾಗಲೂ ಬರುತ್ತದೆ! ಇನ್ನೊಂದು ಕಾರಣ ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್. ಅದು ಡೆಸಿಲೀಟರಿಗೆ 1,000 ಮಿಲಿಗ್ರಾಂ ದಾಟಿದರೆ ಅಪಾಯ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರು ಇದನ್ನು ಗಮನಿಸಬೇಕು.

ಈ ರೋಗ ವೈದ್ಯರ ಕಣ್ಣಿಗೆ ಮೊದಲು ಬಿದ್ದದ್ದು ಶವಪರೀಕ್ಷೆಯ ಮೇಜಿನ ಮೇಲೆ. 1889ರಲ್ಲಿ ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಅಲ್ಲಿ ಕಂಡದ್ದನ್ನೂ ರೋಗಿಗಳು ಬದುಕಿದ್ದಾಗ ಪಟ್ಟ ಪಾಡನ್ನೂ ಜೋಡಿಸಿ ನೋಡಿದರು. ಚೆನ್ನಾಗಿದ್ದವರಿಗೆ, ಅಥವಾ ಆಗೀಗ ಅಜೀರ್ಣ ಎನ್ನುತ್ತಿದ್ದವರಿಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಏಕಾಏಕಿ ಭೀಕರ ನೋವು, ಹಿಂದೆಯೇ ವಾಂತಿ, ಆಮೇಲೆ ಕುಸಿತ. ಆ ‘ಆಗೀಗ ಅಜೀರ್ಣ’ವನ್ನು ಫಿಟ್ಜ್ ಬಿಡದೆ ಬರೆದಿಟ್ಟದ್ದು ಮೆಚ್ಚಬೇಕಾದ ಮಾತು. 1896ರಲ್ಲಿ ಹಾನ್ಸ್ ಕಿಯಾರಿ, ಗ್ರಂಥಿಯ ಜೀರ್ಣರಸ ಗ್ರಂಥಿಯನ್ನೇ ತಿನ್ನುತ್ತದೆ ಎಂದರು. 1901ರಲ್ಲಿ ಬಾಲ್ಟಿಮೋರಿನ ಯೂಜೀನ್ ಓಪಿ, ಪಿತ್ತನಾಳವೂ ಮೇದೋಜೀರಕ ನಾಳವೂ ಕೂಡಿ ಕರುಳಿಗೆ ತೆರೆಯುವ ಬಾಯಲ್ಲೇ ಸಿಕ್ಕಿಕೊಂಡ ಪುಟ್ಟ ಕಲ್ಲನ್ನು ತೋರಿಸಿದರು.

1920ರ ಸುಮಾರಿಗೆ ಇಂಗ್ಲೆಂಡಿನ ಶಸ್ತ್ರವೈದ್ಯ ಗ್ರೇ ಟರ್ನರ್ ವರ್ಣಿಸಿದ ಪಕ್ಕೆಯ ನೀಲಿ ಕಲೆಯನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಅದನ್ನು ಮುನ್ಸೂಚನೆ ಎನ್ನುವುದು ಕಷ್ಟ. ಕಾಣಿಸುವುದೇ ಅಪರೂಪ, ಕಾಣಿಸಿದರೂ ರೋಗ ಬಲಿತ ಮೇಲೆ.

ದಿಕ್ಕು ಬದಲಾದದ್ದು 1929ರಲ್ಲಿ. ಅಮೆರಿಕದ ರಾಬರ್ಟ್ ಎಲ್ಮನ್ ಮತ್ತು ಸಂಗಡಿಗರು ರಕ್ತದಲ್ಲಿನ ಅಮೈಲೇಸ್ ಕಿಣ್ವವನ್ನು ಅಳೆದು ರೋಗ ಪತ್ತೆ ಮಾಡುವುದನ್ನು ರೂಢಿಗೆ ತಂದರು. ಸೌಮ್ಯ ರೂಪದ ಕಾಯಿಲೆಯೂ ಇದೆ, ಬಹುಪಾಲು ರೋಗಿಗಳದ್ದು ಅದೇ ಎಂಬುದು ಹೊರಬಿದ್ದದ್ದು ಇಂಥ ಪರೀಕ್ಷೆಗಳಿಂದ. ಆದರೆ ಅಮೈಲೇಸ್ ಕೆಲವೇ ದಿನಗಳಲ್ಲಿ ಇಳಿದುಬಿಡುತ್ತದೆ. ಟ್ರೈಗ್ಲಿಸರೈಡ್ ವಿಪರೀತವಾಗಿದ್ದರೆ ಏರಿದ್ದು ಕಾಣಿಸದೆಯೂ ಹೋಗಬಹುದು. ಹೆಚ್ಚು ಕಾಲ ಏರಿರುವ ಲೈಪೇಸ್ ಕಿಣ್ವವನ್ನು ಇಂದಿನ ವೈದ್ಯರು ನೆಚ್ಚಿಕೊಂಡಿರುವುದು ಅದಕ್ಕೇ.

ಮುಂದಿನ ಪ್ರಶ್ನೆ, ಯಾರಿಗೆ ಉಲ್ಬಣಿಸುತ್ತದೆ ಎಂಬುದು. ನ್ಯೂಯಾರ್ಕಿನ ಜಾನ್ ರಾನ್ಸನ್ 1974ರಲ್ಲಿ 11 ಅಳತೆಗಳನ್ನು ಮುಂದಿಟ್ಟರು. ಲೆಕ್ಕ ಮುಗಿಯಲು 48 ಗಂಟೆ ಬೇಕು. ರೋಗ ಅಷ್ಟು ಹೊತ್ತು ಕಾಯುವುದಿಲ್ಲ. 2008ರ ಬೈಸ್ಯಾಪ್ ಪಟ್ಟಿಯಲ್ಲಿ ಐದೇ ಅಂಶ, ಸಮಯ 24 ಗಂಟೆ. ರೋಗ ಗುರುತಿಸುವ ವಿಷಯಕ್ಕೆ ಬಂದರೆ, 2012ರಲ್ಲಿ ಪರಿಷ್ಕೃತವಾದ ಅಟ್ಲಾಂಟಾ ವರ್ಗೀಕರಣದಂತೆ ವಿಶಿಷ್ಟ ನೋವು, ಮೂರು ಪಟ್ಟಾದರೂ ಏರಿದ ಕಿಣ್ವ, ಸ್ಕ್ಯಾನಿನ ಸಾಕ್ಷಿ, ಈ ಮೂರರಲ್ಲಿ ಎರಡಿದ್ದರೆ ರೋಗ ಖಚಿತ. ನೋವೂ ರಕ್ತಪರೀಕ್ಷೆಯೂ ಹೊಂದಿಕೊಂಡರೆ ಮೊದಲ ದಿನವೇ ಸಿ.ಟಿ.ಗೆ ಓಡಬೇಕಿಲ್ಲ. ಭಾರತದ ರೋಗಿಗಳೂ ಭಾಗಿಯಾಗಿದ್ದ 2022ರ ವಾಟರ್‌ಫಾಲ್ ಅಧ್ಯಯನ, ಬೇಕಾಬಿಟ್ಟಿ ಡ್ರಿಪ್ ಏರಿಸುವುದೂ ಅಪಾಯ ಎಂದು ತೋರಿಸಿತು.

ಇಷ್ಟೆಲ್ಲ ಪ್ರಗತಿಯೂ ಆಸ್ಪತ್ರೆಯ ಬಾಗಿಲಿನ ಒಳಗೆ ಆದದ್ದು. ಕುವೈತ್‌ನಲ್ಲಿ ಜಲೀಬ್‌ನ ಹಂಚಿಕೊಂಡ ಕೋಣೆಯಲ್ಲೋ ಸಾಲ್ಮಿಯಾದ ಫ್ಲಾಟಿನಲ್ಲೋ ರಾತ್ರಿಯೂಟದ ಮೇಲೆ ಹೊಟ್ಟೆ ಹಿಡಿದುಕೊಂಡವರಿಗೆ ಮೊದಲು ಸಿಗುವುದು ಈನೋ, ಇಲ್ಲವೇ ಸೋಡಾ. ಬೇಸಿಗೆಯಾದರೆ ವಾಂತಿಯನ್ನು ಸೆಕೆಯ ಲೆಕ್ಕಕ್ಕೆ ಬರೆಯುವುದು ಇನ್ನೂ ಸುಲಭ. ಗ್ಯಾಸಿನ ನೋವು ಸಾಮಾನ್ಯವಾಗಿ ಬಂದುಹೋಗಿ ಮಾಡುತ್ತದೆ. ಮೇದೋಜೀರಕದ ನೋವು ಹಾಗಲ್ಲ, ಎದೆಗೂಡಿನ ಕೆಳಗೆ ಹಿಡಿದು ಬೆನ್ನಿಗೆ ಹಾಯುತ್ತದೆ, ಗಂಟೆಗಟ್ಟಲೆ ಬಿಡುವುದಿಲ್ಲ, ಅಂಗಾತ ಮಲಗಿದರೆ ಹೆಚ್ಚುತ್ತದೆ, ಮುಂದಕ್ಕೆ ಬಾಗಿ ಕುಳಿತರೆ ಕೊಂಚ ಸಡಿಲಾಗುತ್ತದೆ. ವಾಂತಿಯಾದರೂ ಹಗುರವಾಗುವುದಿಲ್ಲ. ಜ್ವರ, ಕಣ್ಣು ಹಳದಿ, ಏದುಸಿರು, ಮೂತ್ರ ಕಡಿಮೆ, ಮಂಪರು ಇವುಗಳಲ್ಲಿ ಒಂದು ಸೇರಿದರೂ 112ಕ್ಕೆ ಕರೆ ಮಾಡಬೇಕು. ಹೃದಯಾಘಾತದ ನೋವೂ ಇದೇ ಜಾಗದಲ್ಲಿ ಕಾಣಿಸಬಹುದು, ಆದ್ದರಿಂದ ಇಸಿಜಿ ಕಡ್ಡಾಯ. ಅಮೀರಿ, ಮುಬಾರಕ್ ಅಲ್ ಕಬೀರ್ ಆಸ್ಪತ್ರೆಗಳಲ್ಲಿ ಜಠರ-ಕರುಳಿನ ರೋಗಗಳಿಗೇ ಪ್ರತ್ಯೇಕ ಕೇಂದ್ರಗಳಿವೆ.

ನೋವು ಇಳಿದ ಮೇಲೆ ಮತ್ತೊಂದು ತಡ ಶುರುವಾಗುತ್ತದೆ. ಕಲ್ಲಿನಿಂದ ಬಂದ ಸೌಮ್ಯ ಉರಿಯೂತದಲ್ಲಿ ಅದೇ ದಾಖಲಾತಿಯಲ್ಲಿ ಪಿತ್ತಕೋಶ ತೆಗೆಸುವುದೇ ಲೇಸು. ರಜೆಗೆ ಊರಿಗೆ ಹೋದಾಗ ಮಂಗಳೂರಿನಲ್ಲೋ ಮಣಿಪಾಲದಲ್ಲೋ ಮಾಡಿಸಿಕೊಂಡರಾಯಿತು ಎಂಬ ಯೋಚನೆ ಸಹಜವೇ. ನೆದರ್ಲೆಂಡ್ಸ್‌ನ ವೈದ್ಯರು 2015ರಲ್ಲಿ ಪ್ರಕಟಿಸಿದ ಹೋಲಿಕೆ ಬೇರೆಯೇ ಹೇಳುತ್ತದೆ: ಕೂಡಲೇ ಮಾಡಿಸಿಕೊಂಡವರಲ್ಲಿ ನೂರಕ್ಕೆ 5 ಮಂದಿಗೆ ಕಲ್ಲಿನ ತೊಡಕು ಮರುಕಳಿಸಿತು ಇಲ್ಲವೇ ಸಾವು ಬಂತು, ಮುಂದೂಡಿದವರಲ್ಲಿ 17 ಮಂದಿಗೆ. ಅಲ್ಲಿ ಮುಂದೂಡಿದ್ದು ಹೆಚ್ಚೆಂದರೆ 30 ದಿನ.