ಬದುವಿನ ಮೇಲಿನ ಮೇಣಬತ್ತಿ

ಈಸ್ಟರ್ ದಿನ ಕೋಳಿ ಕೂಗುವ ಮೊದಲೇ ನಮ್ಮ ಆಯಿ ನನ್ನನ್ನು ಎಬ್ಬಿಸುತ್ತಿದ್ದಳು. ಮಂಠಾಳದ ನಮ್ಮ ಮಂದಿ ಸ್ಮಶಾನಕ್ಕೆ ಹೋಗಿ, ತಮ್ಮವರ ಗೋರಿಗಳ ಮೇಲೆ ಮೇಣಬತ್ತಿ ಹಚ್ಚಿ ಹಾಡುವ ದಿನ ಅದು. ಆಯಿ ಮುತ್ಯಾನ ಗೋರಿಗೆ ಒಂದು ಹಚ್ಚಿ, ಇನ್ನೊಂದನ್ನು ಸೆರಗಿನ ಮರೆಯಲ್ಲಿ ಹಿಡಿದು ಬೇಲಿಯಾಚೆ ನಡೆಯುತ್ತಿದ್ದಳು. ತೊಗರಿ ಕೊಯ್ದ ಹೊಲದ ಬದುವಿನ ಮೇಲೆ ಎರಡು ಕರಿಮಣ್ಣಿನ ಹೆಂಟೆಗಳನ್ನು ಗಾಳಿಗೆ ಅಡ್ಡ ಇಟ್ಟು, ನಡುವೆ ಬತ್ತಿ ನಿಲ್ಲಿಸುತ್ತಿದ್ದಳು. ಅಲ್ಲೆಲ್ಲೋ ಆಕೆಯ ಅವ್ವನನ್ನು ಮಣ್ಣು ಮಾಡಿದ್ದರು. ಊರಿಗೆ ಪಾದ್ರಿ ಕಾಲಿಡುವ ಮೊದಲೇ ತೀರಿಹೋದವಳು. ಗೋರಿಗೆ ಕಲ್ಲೂ ಇಲ್ಲ.

ದೀಕ್ಷಾಸ್ನಾನವಾದ ದಿನ ಆಯಿ ಪಾದ್ರಿಯನ್ನು ಕೇಳಿದ್ದಳಂತೆ: "ನಮ್ಮವ್ವ ಈಗ ಎಲ್ಲಿ ಅದಾಳ್ರಿ? ಆಕಿಗಿ ಯಾರೂ ಬಂದು ಹೇಳಲೇ ಇಲ್ಲಲ್ರಿ." ಅವರು ಆಕೆಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರೇ ಹೊರತು ಉತ್ತರ ಕೊಡಲಿಲ್ಲ.

ಶಾಲೆಯಲ್ಲಿ ಇತಿಹಾಸ ಕಲಿಸುತ್ತ ವಯಸ್ಸು ಕಳೆದ ನನಗೆ ಆ ಪ್ರಶ್ನೆಯ ಭಾರ ನಿಧಾನವಾಗಿ ತಿಳಿಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ. ನಾವಿದ್ದದ್ದು ನಿಜಾಮನ ಸೀಮೆ. ಅಮೆರಿಕದ ಮೆಥೋಡಿಸ್ಟರು ಬೀದರಿಗೆ ಬರುವ ಹೊತ್ತಿಗೆ 19ನೇ ಶತಮಾನವೇ ಮುಗಿಯುತ್ತ ಬಂದಿತ್ತು. ಅಷ್ಟರೊಳಗೆ ನಮ್ಮ ಹೊಲಗಳಲ್ಲಿ ದುಡಿದು, ಹೆತ್ತು, ಸತ್ತವರೆಷ್ಟೋ ತಲೆಮಾರು. ಸುವಾರ್ತೆ ಕೇಳದವರು ಎಂದರೆ ಪುಸ್ತಕಗಳಿಗೆ ದೂರದೇಶದ ಯಾರೋ. ನಮಗೆ ಮಾತ್ರ ಅವರು ನಮ್ಮನ್ನು ಹೆತ್ತವರು.

ಆಯಿಯ ಅಳಲು ಆಕೆಯೊಬ್ಬಳದೇ ಅಲ್ಲ. 1549ರಲ್ಲಿ ಜಪಾನಿಗೆ ಹೋದ ಫ್ರಾನ್ಸಿಸ್ ಝೇವಿಯರ್ 1552ರ ಪತ್ರದಲ್ಲಿ ಇದನ್ನೇ ಬರೆದಿದ್ದಾನೆ. ಹೊಸ ಕ್ರೈಸ್ತರು ತಮ್ಮ ಸತ್ತ ಅಪ್ಪ ಅವ್ವಂದಿರನ್ನು ನರಕದಿಂದ ಬಿಡಿಸಲು ದಾರಿ ಇದೆಯೇ ಎಂದು ಕೇಳಿದರು. ಇಲ್ಲ ಎಂದಾಗ ಅತ್ತರು. ಅವರ ಅಳು ನೋಡಿ ತನಗೂ ಸಂಕಟವಾಯಿತೆಂದು ಆತ ಒಪ್ಪಿಕೊಂಡ. ಅದಕ್ಕೂ ಮೊದಲು, 14ನೇ ಶತಮಾನದಲ್ಲಿ, ಇಟಲಿಯ ಕವಿ ದಾಂತೆ ತನ್ನ ಕಾವ್ಯದ ಸ್ವರ್ಗಕಾಂಡದಲ್ಲಿ ಸಿಂಧೂ ನದಿಯ ದಡದಲ್ಲಿ ಹುಟ್ಟಿದ ಒಬ್ಬ ಸಜ್ಜನನನ್ನು ನೆನೆದಿದ್ದ. ಕ್ರಿಸ್ತನ ಹೆಸರು ಹೇಳುವವರೇ ಇಲ್ಲದ ಕಡೆ ಬಾಳಿ ಸತ್ತವನ ತಪ್ಪಾದರೂ ಏನು ಎಂಬುದು ಅಲ್ಲಿ ಏಳುವ ಪ್ರಶ್ನೆ.

ನಮ್ಮ ನೆಲದಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಬಸವಕಲ್ಯಾಣದಲ್ಲಿ ಹರಳಯ್ಯನ ಗವಿ ಇದೆ. ನಮ್ಮದೂ ತೊಗಲಿನ ಕೆಲಸದ ಮನೆತನವಾದ್ದರಿಂದ ಆಯಿಗೆ ಆತ ಹತ್ತಿರದವನು. ತನ್ನ ಮತ್ತು ಹೆಂಡತಿಯ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಹೊಲಿದ ಶರಣ. ಮಗನನ್ನು ಬ್ರಾಹ್ಮಣ ಮಧುವರಸನ ಮಗಳಿಗೆ ಕೊಟ್ಟು ಮದುವೆ ಮಾಡಿದ್ದಕ್ಕೆ ಬಿಜ್ಜಳನ ಕಾಲದಲ್ಲಿ ಪ್ರಾಣ ತೆತ್ತವನು. ಆ ಹರಳಯ್ಯ ನರಕದಲ್ಲಿದ್ದಾನೆಂದು ನಾನು ಯಾವ ಬಾಯಿಂದ ಹೇಳಲಿ? ಹುಮನಾಬಾದಿನ ಮಾಣಿಕನಗರಕ್ಕೆ ಹೋದರೆ, 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿ ಹೊಂದಿದ ಮಾಣಿಕಪ್ರಭುಗಳ ಸಕಲಮತ ಸಂಪ್ರದಾಯ ಎಲ್ಲ ಮತಗಳನ್ನೂ ಗೌರವಿಸುವುದನ್ನು ಕಲಿಸುತ್ತದೆ. ಇಂಥ ಗಾಳಿ ಕುಡಿದು ಬೆಳೆದವರು ನಾವು.

ಉತ್ತರ ಸಿಕ್ಕದ್ದು ನಮ್ಮದೇ ಮನೆಯಲ್ಲಿ. ಮೆಥೋಡಿಸ್ಟ್ ಪಂಥಕ್ಕೆ ಮೂಲಪುರುಷ ಜಾನ್ ವೆಸ್ಲಿ. ತೀರಿಕೊಳ್ಳುವ ಹಿಂದಿನ ವರ್ಷ, 1790ರಲ್ಲಿ, ಒಂದು ಪ್ರಸಂಗದಲ್ಲಿ ಆತ ಇದನ್ನು ಬಿಡಿಸಿ ಹೇಳಿದ್ದಾನೆ. ಕ್ರೈಸ್ತರಲ್ಲದ ಅಷ್ಟೂ ಜನರಿಗೆ ನರಕ ಎಂದು ತೀರ್ಪು ಕೊಡುವ ಹಕ್ಕು ಯಾವ ಮನುಷ್ಯನಿಗೂ ಇಲ್ಲ, ಅವರನ್ನು ಹುಟ್ಟಿಸಿದವನ ಕೈಗೇ ಅವರನ್ನು ಬಿಡಬೇಕು ಎಂಬುದು ಆತನ ಮಾತು. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯೂ, ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದೆ ಉಳಿದು ಮನಸ್ಸಾಕ್ಷಿಯಂತೆ ಬಾಳಿದವರಿಗೆ ರಕ್ಷಣೆ ಸಾಧ್ಯ ಎಂದಿತು. ಮುಂದೆ 1971ರಿಂದ, ಅನ್ಯಮತಗಳವರೊಡನೆ ಮಾತುಕತೆಗೆಂದು ಜಾಗತಿಕ ಚರ್ಚುಗಳ ಒಕ್ಕೂಟ ತೆರೆದ ವಿಭಾಗವನ್ನು ಮೊದಲು ನಡೆಸಿದವರು ನಮ್ಮ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ.

ಹಾಗಾದರೆ ಸಾರುವುದೇಕೆ ಎಂದು ನಮ್ಮ ಸಭೆಯಲ್ಲೇ ಕೇಳುವವರಿದ್ದಾರೆ. ಭಯವಿಲ್ಲದಿದ್ದರೆ ಯಾರು ಬರುತ್ತಾರೆ ಎನ್ನುತ್ತಾರೆ. ನನಗೆ ನೆನಪಾಗುವುದು ಆಯಿಯೇ. ನರಕಕ್ಕೆ ಹೆದರಿ ಅಲ್ಲ, ತನ್ನ ಹೆಸರು ಹಿಡಿದು ಕರೆದು ಚಾಪೆಯ ಮೇಲೆ ಜೊತೆಗೆ ಕೂರಿಸಿಕೊಂಡರೆಂದು ಆಕೆ ಹೋದಳು. ದೊಡ್ಡವಳಾದ ಮೇಲೆ ಅಕ್ಷರ ಕಲಿತು, ಲೂಕನ ಸುವಾರ್ತೆಯನ್ನು ಬೆರಳಿಟ್ಟು ಓದುತ್ತಿದ್ದಳು. ತನಗೆ ಸಿಕ್ಕ ಸಂತೋಷವನ್ನು ಹಂಚಬೇಕೆನ್ನುತ್ತಿದ್ದಳು. ಅವ್ವನನ್ನು ಬಿಟ್ಟುಕೊಟ್ಟು ಅದನ್ನು ಪಡೆಯಲು ಮಾತ್ರ ಆಕೆ ಒಪ್ಪಲಿಲ್ಲ.

ಒಮ್ಮೆ ನಾನು ಕೇಳಿದೆ, "ಆಯಿ, ಇಲ್ಲಿ ಯಾಕ ಹಚ್ಚತಿ? ಇದು ನಮ್ಮ ಸ್ಮಶಾನ ಅಲ್ಲಲ್ಲ?"

"ಬೇಲಿ ನಾವು ಹಾಕೀವಿ, ದೇವ್ರು ಹಾಕಿಲ್ಲ," ಎಂದಳು.

ಈಗ ಆ ಬದು ಟ್ರ್ಯಾಕ್ಟರಿಗೆ ಸಿಕ್ಕು ಸಣ್ಣದಾಗಿದೆ. ಆಯಿಯ ಗೋರಿ ಬೇಲಿಯೊಳಗಿದೆ. ಈಸ್ಟರ್ ನಸುಕಿನಲ್ಲಿ ಆಕೆಗೊಂದು ಹಚ್ಚಿ, ಹೊರಗೆ ಬಂದು, ನಾನೂ ಎರಡು ಹೆಂಟೆ ಹುಡುಕುತ್ತೇನೆ.