ಕಡಿದಾದ ಹಾದಿಯಲ್ಲಿ ಎಂಜಿನ್ ನಿಲ್ಲದಿರಲು: ಕಾರ್ಬ್ಯುರೇಟರ್ ಹೊಂದಾಣಿಕೆಯ ಕ್ರಮ

ಸಮತಟ್ಟಾದ ರಸ್ತೆಯಲ್ಲಿ ಸಲೀಸಾಗಿ ಓಡುವ ಹಳೆಯ ಪೆಟ್ರೋಲ್ ವಾಹನವು ಗುಡ್ಡದ ಕಚ್ಚಾ ಹಾದಿಯ ಏರಿನಲ್ಲಿ ಇದ್ದಕ್ಕಿದ್ದಂತೆ ಉಸಿರುಗಟ್ಟಿ ನಿಲ್ಲುವುದುಂಟು. ಎಂಜಿನ್ ನಿಂತ ಮೇಲೆ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಬೂಸ್ಟರಿನ ಶಕ್ತಿ ಕೆಲವೇ ತುಳಿತಗಳಲ್ಲಿ ಮುಗಿಯುತ್ತದೆ. ಅನಂತರ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಿಂದೆ ಪ್ರಪಾತ, ವಾಹನದೊಳಗೆ ಮನೆಮಂದಿ ಇರುವಾಗ ಇದು ಪ್ರಾಣಾಪಾಯದ ಸ್ಥಿತಿ. ಇಂತಹ ದೂರಿಗೆ ಅನೇಕರು ಮಾಡುವ ಮೊದಲ ಕೆಲಸ ಮಿಶ್ರಣದ ಸ್ಕ್ರೂ ತಿರುಗಿಸುವುದು ಅಥವಾ ಎಂಜಿನ್ನಿನ ನಿಶ್ಚಲ ವೇಗವನ್ನು ಏರಿಸಿಡುವುದು. ಆದರೆ ವಾಹನ ವಾಲಿದಾಗ ಮಾತ್ರ ಕಾಣಿಸುವ ದೋಷದ ಮೂಲವನ್ನು ಮೊದಲು ಹುಡುಕಬೇಕಾದದ್ದು ಫ್ಲೋಟ್ ಕೋಣೆಯಲ್ಲಿ.

ಯಾವ ವಾಹನಗಳಿಗೆ ಅನ್ವಯ

ಡೀಸೆಲ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಇರುವುದಿಲ್ಲ. ಹಾಗಾಗಿ ನಮ್ಮ ಮಲೆಪ್ರದೇಶಗಳಲ್ಲಿ ಓಡಾಡುವ ಡೀಸೆಲ್ ಜೀಪುಗಳಿಗೆ ಈ ಲೇಖನ ಅನ್ವಯಿಸದು. ಹಳೆಯ ಪೆಟ್ರೋಲ್ ಜೀಪುಗಳು, ಮಾರುತಿ ಜಿಪ್ಸಿ ಹಾಗೂ ಹಳೆಯ ಮೋಟಾರ್ ಸೈಕಲುಗಳು ಇದರ ವ್ಯಾಪ್ತಿಗೆ ಬರುತ್ತವೆ. ಜಿಪ್ಸಿ 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದಿತು. 1996ರಲ್ಲಿ 1298 ಸಿಸಿ ಎಂಜಿನ್ ಪಡೆಯಿತು. ಇವೆರಡಕ್ಕೂ ಕಾರ್ಬ್ಯುರೇಟರೇ ಇಂಧನ ಒದಗಿಸುತ್ತಿತ್ತು. 2000ದ ಸುಮಾರಿಗೆ ಅದು ಇಂಧನ ಇಂಜೆಕ್ಷನ್ ವ್ಯವಸ್ಥೆಗೆ ಬದಲಾಯಿತು. ಇಂಜೆಕ್ಷನ್ ವ್ಯವಸ್ಥೆಯಲ್ಲಿ ಪೆಟ್ರೋಲು ಒತ್ತಡದಿಂದ ಚಿಮ್ಮುವುದರಿಂದ ವಾಹನ ಎಷ್ಟು ವಾಲಿದರೂ ಸಾಮಾನ್ಯವಾಗಿ ಈ ತೊಂದರೆಯಿಲ್ಲ.

ಕಾರ್ಬ್ಯುರೇಟರ್ ಕೆಲಸ ಮಾಡುವ ಬಗೆ

ಫ್ಲೋಟ್ ಕೋಣೆಯನ್ನು ಮನೆಯ ನೀರಿನ ಟ್ಯಾಂಕಿಗೆ ಹೋಲಿಸಬಹುದು. ಟ್ಯಾಂಕು ತುಂಬಿದಾಗ ತೇಲುವ ಚೆಂಡು ಮೇಲೆದ್ದು ನಲ್ಲಿಯನ್ನು ಮುಚ್ಚುವಂತೆ, ಇಲ್ಲಿ ಫ್ಲೋಟ್ ಮೇಲೆದ್ದು ನೀಡಲ್ ವಾಲ್ವನ್ನು ಮುಚ್ಚುತ್ತದೆ. ಪೆಟ್ರೋಲಿನ ಮಟ್ಟ ಸದಾ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಪಕ್ಕದಲ್ಲಿ ವೆಂಚುರಿ ಎಂಬ ಕಿರಿದಾದ ಕೊಳವೆಯಿದೆ. ಎಂಜಿನ್ ಗಾಳಿಯನ್ನು ಎಳೆದುಕೊಂಡಾಗ ಆ ಕಿರಿದಾದ ಜಾಗದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ. ಕೋಣೆಯೊಳಗಿನ ಪೆಟ್ರೋಲಿನ ಮೇಲೆ ವಾತಾವರಣದ ಒತ್ತಡವಿರುವುದರಿಂದ ಪೆಟ್ರೋಲು ಜೆಟ್ ಮೂಲಕ ಮೇಲೇರಿ ನಳಿಕೆಯ ತುದಿಯಿಂದ ಗಾಳಿಗೆ ಚಿಮ್ಮುತ್ತದೆ. ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು.

ವಾಲಿದಾಗ ಆಗುವುದೇನು

ನಳಿಕೆಯ ತುದಿಯು ಪೆಟ್ರೋಲಿನ ಮಟ್ಟಕ್ಕಿಂತ ಕೆಲವೇ ಮಿಲಿಮೀಟರು ಮೇಲಿರುತ್ತದೆ. ಫ್ಲೋಟ್ ಕೋಣೆ ನಳಿಕೆಗಿಂತ 30 ಮಿ.ಮೀ. ಮುಂದಿದೆ ಎಂದು ಭಾವಿಸೋಣ. ವಾಹನ 20 ಡಿಗ್ರಿ ಏರನ್ನು ಹತ್ತುವಾಗ ಕೋಣೆಯು ನಳಿಕೆಗಿಂತ ಎಷ್ಟು ಮೇಲೇರುತ್ತದೆ ಎಂಬುದನ್ನು ಹತ್ತನೆಯ ತರಗತಿಯ ತ್ರಿಕೋನಮಿತಿಯಿಂದಲೇ ಕಂಡುಕೊಳ್ಳಬಹುದು: 30ನ್ನು 20 ಡಿಗ್ರಿಯ ಸೈನ್ ಬೆಲೆಯಾದ 0.34ರಿಂದ ಗುಣಿಸಿದರೆ ಸುಮಾರು 10 ಮಿ.ಮೀ. ಆಗ ಪೆಟ್ರೋಲಿನ ಮಟ್ಟ ನಳಿಕೆಯ ತುದಿಯನ್ನು ಮೀರುತ್ತದೆ. ಗಾಳಿಯ ಸೆಳೆತವಿಲ್ಲದೆಯೂ ಪೆಟ್ರೋಲು ತಾನಾಗಿ ಸುರಿದು ಎಂಜಿನ್ನಿಗೆ ಉಬ್ಬಸ ಹಿಡಿಯುತ್ತದೆ. ಕೋಣೆಯು ನಳಿಕೆಯ ಹಿಂದಿದ್ದರೆ ಏರಿನಲ್ಲಿ ಪೆಟ್ರೋಲು ಸಾಲದೆ ಎಂಜಿನ್ ಸೊರಗುತ್ತದೆ. ಇಳಿಜಾರಿನಲ್ಲಿ ಅತಿಯಾಗಿ ಸುರಿಯುತ್ತದೆ. ಕೋಣೆ ಪಕ್ಕದಲ್ಲಿದ್ದರೆ ವಾಹನ ಎಡಕ್ಕೋ ಬಲಕ್ಕೋ ವಾಲಿದಾಗ ಇದೇ ತೊಂದರೆ ತೋರುತ್ತದೆ.

ಕುಲುಕಾಟವು ಇನ್ನೊಂದು ಕಾರಣ. ಹಳ್ಳ, ಬಂಡೆಗಳ ಮೇಲೆ ಫ್ಲೋಟ್ ಜಿಗಿದಾಗಲೆಲ್ಲ ನೀಡಲ್ ವಾಲ್ವ್ ತೆರೆದು ಹೆಚ್ಚುವರಿ ಪೆಟ್ರೋಲು ಒಳನುಗ್ಗುತ್ತದೆ.

ಲಕ್ಷಣಗಳನ್ನು ಓದುವುದು

ಕಪ್ಪು ಹೊಗೆ, ಪೆಟ್ರೋಲಿನ ಗಾಢ ವಾಸನೆ, ಮಸಿ ಹಿಡಿದು ಒದ್ದೆಯಾದ ಸ್ಪಾರ್ಕ್ ಪ್ಲಗ್ ಇದ್ದರೆ ಪೆಟ್ರೋಲು ಹೆಚ್ಚಾಗಿದೆ. ಆಕ್ಸಿಲರೇಟರ್ ಒತ್ತಿದಾಗ ತಡವರಿಕೆ, ಕಾರ್ಬ್ಯುರೇಟರಿನೊಳಗೆ ಪಟಪಟ ಸದ್ದು, ಬಿಳಿಚಿದ ಪ್ಲಗ್ ಇದ್ದರೆ ಪೆಟ್ರೋಲು ಸಾಲುತ್ತಿಲ್ಲ. ಏರು, ಇಳಿಜಾರು, ಎಡವಾಲು, ಬಲವಾಲು ಈ ನಾಲ್ಕರಲ್ಲಿ ಯಾವುದರಲ್ಲಿ ಎಂಜಿನ್ ನಿಲ್ಲುತ್ತದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು.

ಹೊಂದಾಣಿಕೆಯ ಕ್ರಮ

ಕೆಲಸ ಬಯಲಿನಲ್ಲಿ ನಡೆಯಲಿ. ಬೀಡಿ, ಬೆಂಕಿ ಹತ್ತಿರ ಬೇಡ. ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು.

1. ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್, ಪ್ಲಗ್ ಹಾಗೂ ಇಗ್ನಿಷನ್ ಟೈಮಿಂಗ್ ಸರಿಯಿವೆಯೇ ಎಂದು ನೋಡಿ. ಬಿರಿದ ವ್ಯಾಕ್ಯೂಮ್ ಕೊಳವೆಗಳನ್ನು ಬದಲಿಸಿ. ಕೆಲವು ಕಾರ್ಬ್ಯುರೇಟರುಗಳಲ್ಲಿ ನಿಶ್ಚಲ ವೇಗದ ಇಂಧನವನ್ನು ನಿಯಂತ್ರಿಸುವ ಸೊಲೆನಾಯ್ಡ್ ಇರುತ್ತದೆ. ಅದರ ತಂತಿ ಕುಲುಕಾಟಕ್ಕೆ ಸಡಿಲಗೊಂಡರೂ ಎಂಜಿನ್ ನಿಲ್ಲುತ್ತದೆ.

2. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಫ್ಲೋಟ್ ಮಟ್ಟವನ್ನು ಪರೀಕ್ಷಿಸಿ. ಕೋಣೆಗೆ ಗಾಜಿನ ಕಿಂಡಿಯಿದ್ದರೆ ಪೆಟ್ರೋಲು ಅದರ ಗುರುತಿಗೆ ಸಮನಾಗಿರಬೇಕು. ಇಲ್ಲವಾದರೆ ಕೈಪಿಡಿಯ ಅಳತೆಯಂತೆ ಫ್ಲೋಟಿನ ಎತ್ತರವನ್ನು ಅಳೆಯಬೇಕು. ನೀಡಲಿಗೆ ತಾಗುವ ತಗಡಿನ ನಾಲಿಗೆಯನ್ನು ತುಸುವೇ ಬಾಗಿಸಿ ಮಟ್ಟ ಬದಲಿಸಬಹುದು. ಬಾಗಿಸುವಾಗ ನೀಡಲಿನ ಮೇಲೆ ಭಾರ ಬೀಳಬಾರದು. ಏರಿನಲ್ಲಿ ಪೆಟ್ರೋಲು ಸುರಿಯುವ ವಾಹನಕ್ಕೆ ಮಟ್ಟವನ್ನು 1 ಮಿ.ಮೀ.ನಷ್ಟು ತಗ್ಗಿಸಿ ನೋಡಬಹುದು. ಅತಿಯಾಗಿ ತಗ್ಗಿಸಿದರೆ ಹೆದ್ದಾರಿಯ ವೇಗದಲ್ಲಿ ಎಂಜಿನ್ ಪೆಟ್ರೋಲಿಗೆ ಬಾಯಾರಿ ಬಿಸಿಯೇರುತ್ತದೆ.

3. ನೀಡಲಿನ ತುದಿಯಲ್ಲಿ ಸವೆದ ಗೆರೆ ಕಂಡರೆ ನೀಡಲ್ ಮತ್ತು ಅದರ ಪೀಠವನ್ನು ಒಟ್ಟಿಗೇ ಬದಲಿಸಬೇಕು. ಒಳಗೆ ಸಣ್ಣ ಸ್ಪ್ರಿಂಗ್ ಇರುವ ನೀಡಲು ಕುಲುಕಾಟವನ್ನು ಚೆನ್ನಾಗಿ ತಾಳುತ್ತದೆ. ಹೊಸ ಎಲೆಕ್ಟ್ರಿಕ್ ಪಂಪಿನ ಒತ್ತಡ ಹೆಚ್ಚಾಗಿದ್ದರೆ ನೀಡಲು ಅದನ್ನು ತಡೆಯಲಾರದು.

4. ಕೋಣೆಯ ಗಾಳಿಕೊಳವೆಯನ್ನು ಎಂದೂ ಮುಚ್ಚಬಾರದು. ಏರಿನಲ್ಲಿ ಅದರಿಂದ ಪೆಟ್ರೋಲು ಹೊರಚೆಲ್ಲುತ್ತಿದ್ದರೆ, ಬಿಸಿ ಭಾಗಗಳಿಂದ ದೂರದಲ್ಲಿ ಇನ್ನಷ್ಟು ಎತ್ತರಕ್ಕೆ ಒಯ್ಯಬೇಕು.

5. ಈಗ ಎಂಜಿನ್ ಬಿಸಿಯಾಗಲಿ, ಚೋಕ್ ಪೂರ್ತಿ ತೆರೆದಿರಲಿ. ನಿಶ್ಚಲ ವೇಗವನ್ನು ಕೈಪಿಡಿಯ ಅಂಕಿಗೆ ತನ್ನಿ. ಇಂತಹ ನಾಲ್ಕು ಚಕ್ರದ ವಾಹನಗಳಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 750ರಿಂದ 900 ಸುತ್ತುಗಳ ನಡುವೆ ಇರುತ್ತದೆ. ಮಿಶ್ರಣದ ಸ್ಕ್ರೂವನ್ನು ನಿಧಾನವಾಗಿ ತಿರುಗಿಸುತ್ತ ಎಂಜಿನ್ ಅತಿ ವೇಗವಾಗಿ, ನುಣುಪಾಗಿ ಓಡುವ ಬಿಂದುವನ್ನು ಹುಡುಕಿ, ಮತ್ತೆ ವೇಗವನ್ನು ಸರಿಪಡಿಸಿ. ಸ್ಕ್ರೂವನ್ನು ಬಿಗಿಯಾಗಿ ಒಳಗೊತ್ತಿದರೆ ಅದರ ಮೊನೆ ಹಾಳಾಗುತ್ತದೆ. ಮೋಟಾರ್ ಸೈಕಲುಗಳಲ್ಲಿ ಸ್ಕ್ರೂ ಏರ್ ಫಿಲ್ಟರಿನ ಕಡೆಗಿದ್ದರೆ ಅದು ಗಾಳಿಯನ್ನು ನಿಯಂತ್ರಿಸುತ್ತದೆ. ಒಳಕ್ಕೆ ತಿರುಗಿಸಿದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಂಜಿನ್ ಕಡೆಗಿದ್ದರೆ ಪರಿಣಾಮ ಇದಕ್ಕೆ ತದ್ವಿರುದ್ಧ.

6. ಹೊಗೆ ತಪಾಸಣಾ ಕೇಂದ್ರದಲ್ಲಿ ಇಂಗಾಲದ ಮಾನಾಕ್ಸೈಡಿನ ಅಳತೆ ಪಡೆಯಿರಿ. ಕಿವಿಯ ಅಂದಾಜು ಸರಿಯೇ ಎಂಬುದು ಆಗ ತಿಳಿಯುತ್ತದೆ.

7. ಕೊನೆಗೆ, ಪ್ರಯಾಣಿಕರಿಲ್ಲದೆ, ಹಿಂದೆ ವಿಶಾಲ ಜಾಗವಿರುವ ಸಣ್ಣ ಏರಿನಲ್ಲಿ ಪರೀಕ್ಷಿಸಿ.

ಎತ್ತರ ಮತ್ತು ಎಥನಾಲ್

ಕಾಸರಗೋಡಿನ ಕಡಲತೀರದಲ್ಲಿ ಹೊಂದಿಸಿದ ಕಾರ್ಬ್ಯುರೇಟರ್ ಉದಕಮಂಡಲದಲ್ಲಿ ಹಾಗೆಯೇ ವರ್ತಿಸದು. ಸುಮಾರು 2,240 ಮೀಟರ್ ಎತ್ತರದ ಆ ಊರಿನಲ್ಲಿ ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ಸುಮಾರು ಐದನೆಯ ಒಂದು ಭಾಗ ಕಡಿಮೆ. ಆದ್ದರಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. ವಾಹನ ಹೆಚ್ಚು ಓಡಾಡುವ ಎತ್ತರದಲ್ಲೇ ಅದನ್ನು ಹೊಂದಿಸುವುದು ಸೂಕ್ತ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಪರಿಣಾಮ ಇದಕ್ಕೆ ವಿರುದ್ಧ. ಎಥನಾಲ್ ಉರಿಯಲು ಅದರ ತೂಕದ ಸುಮಾರು 9 ಪಟ್ಟು ಗಾಳಿ ಸಾಕಾಗುವುದರಿಂದ ಹಳೆಯ ಹೊಂದಾಣಿಕೆಯಲ್ಲಿ ಇಂಧನ ಸಾಲದಂತಾಗುತ್ತದೆ. ಹಳೆಯ ರಬ್ಬರ್ ಕೊಳವೆಗಳನ್ನೂ ಅದು ಕೆಡಿಸುವುದರಿಂದ ಅವುಗಳನ್ನು ಆಗಾಗ ಪರೀಕ್ಷಿಸುತ್ತಿರಬೇಕು.

ಏರಿನಲ್ಲಿ ಎಂಜಿನ್ ನಿಂತರೆ

ಬ್ರೇಕನ್ನು ಒಮ್ಮೆ ಬಲವಾಗಿ ತುಳಿದು ಹಾಗೆಯೇ ಹಿಡಿಯಿರಿ. ಮತ್ತೆ ಮತ್ತೆ ತುಳಿದರೆ ಬೂಸ್ಟರಿನ ಶಕ್ತಿ ಖಾಲಿಯಾಗುತ್ತದೆ. ಹ್ಯಾಂಡ್ ಬ್ರೇಕ್ ಎಳೆಯಿರಿ. ಪ್ರಯಾಣಿಕರು ಹಾದಿಯ ಬದಿಗೆ ಇಳಿಯಲಿ, ವಾಹನದ ಹಿಂದೆ ಯಾರೂ ನಿಲ್ಲದಿರಲಿ. ಚಕ್ರಗಳಿಗೆ ಕಲ್ಲು ಕೊಡಿ. ಪೆಟ್ರೋಲಿನ ವಾಸನೆ ಗಾಢವಾಗಿದ್ದರೆ, ಅದು ಹೊರಗೆ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡು ಕೆಲವು ನಿಮಿಷ ಕಾಯಿರಿ. ನಂತರ ಗೇರ್ ನ್ಯೂಟ್ರಲಿನಲ್ಲಿಟ್ಟು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪದೇ ಪದೇ ಒತ್ತಿ ಬಿಟ್ಟರೆ ಇನ್ನಷ್ಟು ಪೆಟ್ರೋಲು ಸುರಿಯುತ್ತದೆ. ಹೊತ್ತಿದೊಡನೆ ಕಾಲು ಸಡಿಲಿಸಿ. ಹಿಂದಕ್ಕೆ ಇಳಿಯಬೇಕಾದರೆ ರಿವರ್ಸ್ ಗೇರಿನಲ್ಲಿ, ನೇರವಾಗಿಯೇ ಇಳಿಯಬೇಕು. ಏರಿನಲ್ಲಿ ವಾಹನವನ್ನು ಅಡ್ಡ ತಿರುಗಿಸಿದರೆ ಮಗುಚುವ ಅಪಾಯವಿದೆ.

ಪ್ರತಿ ಹೊಂದಾಣಿಕೆಯ ದಿನಾಂಕ, ಫ್ಲೋಟಿನ ಅಳತೆ, ಸ್ಕ್ರೂ ತಿರುವುಗಳ ಸಂಖ್ಯೆ, ಪ್ಲಗ್ಗಿನ ಬಣ್ಣ ಇವನ್ನು ಒಂದು ಪುಸ್ತಕದಲ್ಲಿ ದಾಖಲಿಸಿರಿ. ಈ ದಾಖಲೆಯನ್ನು ಮನೆಯ ಪ್ರೌಢಶಾಲಾ ವಿದ್ಯಾರ್ಥಿಗೇ ಒಪ್ಪಿಸಬಹುದು. ಮುಂದಿನ ಸಲ ದೋಷ ಕಂಡಾಗ ಮೆಕ್ಯಾನಿಕ್ ಕೇಳುವ ಮೊದಲ ಪ್ರಶ್ನೆಗಳಿಗೆ ಉತ್ತರ ಅದರಲ್ಲಿರುತ್ತದೆ.